ಗೊತ್ತಿರಲಿಲ್ಲ ಎಂಬ ಒಂದು ಮಾತು

ಬೀದಿಯವರು ಅವನನ್ನು ಮೊಳೆಬಾಯಿ ಎಂದು ಕರೆಯುತ್ತಿದ್ದರು. ಕುಶನ್ ಕೆಲಸ ಅವನ ಕಸುಬು. ಹಳೆಯ ಸೋಫಾದ ಹೊಟ್ಟೆ ಬಿಚ್ಚಿ, ಕುಸಿದ ಸ್ಪ್ರಿಂಗುಗಳನ್ನು ಎಳೆದು ಕಟ್ಟಿ, ಹೊಸ ಫೋಮ್ ಕೂರಿಸಿ, ಮೇಲೆ ರೆಕ್ಸಿನ್ ಬಿಗಿದು ಮೊಳೆ ಹೊಡೆಯಬೇಕು. ಒಂದು ಕೈ ರೆಕ್ಸಿನ್ ಎಳೆದು ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಕೊಡುವುದಕ್ಕೆ ಮೂರನೆಯ ಕೈಯನ್ನು ದೇವರು ಯಾರಿಗೂ ಕೊಟ್ಟಿಲ್ಲ. ಅದಕ್ಕೇ ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಮೂತಿಯ ಸುತ್ತಿಗೆಗೆ ಅಂಟಿಸಿ ಟಕ್ ಎಂದು ಹೊಡೆಯುತ್ತಿದ್ದ. ಬೆಳಿಗ್ಗೆ ಬಾಯಿಗೆ ಹೋದ ಮೊಳೆ ಊಟದ ಹೊತ್ತಿಗೇ ಹೊರಗೆ ಬರುವುದು. ಗಿರಾಕಿ ಏನು ಕೇಳಿದರೂ ತಲೆಯಲ್ಲೇ ಹೂಂ, ತಲೆಯಲ್ಲೇ ಊಹೂಂ.

"ಮದುವೆ ದಿನನಾದ್ರೂ ಉಗುಳಿದ್ಯೇನೋ, ಇಲ್ಲ ಹೆಂಡ್ತಿ ಹತ್ರಾನೂ ತಲೆ ಆಡಿಸ್ಕೊಂಡೇ ಸಂಸಾರ ಮಾಡ್ದ್ಯಾ?" ಎಂದು ಎದುರಿನ ಟೀ ಅಂಗಡಿಯವನು ರೇಗಿಸುತ್ತಿದ್ದ. ಮೊಳೆಬಾಯಿ ತುಟಿ ತೆರೆಯದೆ ನಗುತ್ತಿದ್ದ. ಹಾಗೆ ನಗುವುದೂ ಅವನಿಗೆ ಅಭ್ಯಾಸವಾಗಿತ್ತು.

ಅವನನ್ನು ಸಾಕಿದವಳು ಅಕ್ಕ. ತಾಯಿ ಹೋದಾಗ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಆಗಲೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದಳು. ಹೆಗಲೆತ್ತರದ ಕುದಿಯುವ ಡ್ರಮ್ಮುಗಳು, ಉಗಿ, ಬ್ಲೀಚಿನ ಘಾಟು. ನೆನೆದ ಹಾಸಿಗೆಬಟ್ಟೆಯ ಭಾರವನ್ನು ಎತ್ತಿದವರಿಗೇ ಗೊತ್ತು. ತಮ್ಮನನ್ನು ಒಗೆದ ಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿ ಅವಳು ಕೆಲಸ ಮಾಡಿದ್ದಳು. ಮದುವೆಯೂ ಆಯಿತು, ಗಂಡ ಬಹಳ ದಿನ ಬಾಳಲಿಲ್ಲ, ಮಕ್ಕಳಿರಲಿಲ್ಲ. ಕಟ್ಟಡವೊಂದರ ಕಟ್ಟಕಡೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಳು. ಬಾಡಿಗೆ ಕಡಿಮೆ, ಮೆಟ್ಟಿಲು ಜಾಸ್ತಿ.

ಮೊಳೆಬಾಯಿಯ ಹಣೆಬರಹ ತಿರುಗಿದ್ದು ಒಂದು ಟಾಕೀಸಿನಿಂದ. ಟಾಕೀಸಿನ ಮಾಲೀಕ ಬಂದು, ಒಳಗಿನ ಅಷ್ಟೂ ಕುರ್ಚಿಗಳಿಗೆ ಹೊಸ ಕುಶನ್ ಹಾಕಿಕೊಡು ಎಂದ. ಜೀವಮಾನದಲ್ಲಿ ಒಮ್ಮೆ ಬರುವ ಕೆಲಸ. ಮುಂಗಡ ಅಂತ ಅಷ್ಟೋ ಇಷ್ಟೋ ಕೊಟ್ಟ. ಮೊಳೆಬಾಯಿ ಬ್ಯಾಂಕಿನಲ್ಲಿ ಸಾಲ ಎತ್ತಿದ, ಫೋಮ್ ವ್ಯಾಪಾರಿಯ ಹತ್ತಿರ ಮಾಲು ಉದ್ದರಿ ತಂದ, ಸಾಲದೆ ಬಂದದ್ದಕ್ಕೆ ಬಡ್ಡಿಯವನ ಹತ್ತಿರ ಹೋದ. ಆಗ ಅಕ್ಕ ಕೇಳದೆಯೇ ತನ್ನ ಗಂಟನ್ನು ತಂದು ಅವನ ಹೆಂಡತಿಯ ಕೈಗಿಟ್ಟಳು. "ಬ್ಯಾಂಕಿನಲ್ಲಿ ಕೊಳೀತಾ ಬಿದ್ದಿತ್ತು. ನಿಮ್ಮ ಹತ್ರಾನೇ ಓಡಾಡ್ಲಿ," ಎಂದಳು.

ಹೆಂಡತಿ ಹಗಲೆಲ್ಲ ಮಿಷನ್ನಿನಲ್ಲಿ ಕವರು ಹೊಲಿದಳು, ಅವನು ಮೊಳೆ ಹೊಡೆದ. ಕೆಂಪು ರೆಕ್ಸಿನ್ನಿನ ಕುರ್ಚಿಗಳು ಅಂಗಡಿ ತುಂಬಿ ಫುಟ್‌ಪಾತಿಗೆ ಬಂದವು. ಅಷ್ಟರಲ್ಲಿ ಟಾಕೀಸಿಗೆ ಬೀಗ ಬಿತ್ತು. ಮಾಲೀಕ ಅದನ್ನು ಯಾರೋ ಗೋದಾಮಿನವರಿಗೆ ಮಾರಿ ಊರು ಬಿಟ್ಟಿದ್ದ. ಗೋದಾಮಿನವರಿಗೆ ಕುರ್ಚಿ ಯಾಕೆ ಬೇಕು? ಹೊಸ ಕುರ್ಚಿಗಳು ಗೋಡೆಗೆ ಮುಖ ಮಾಡಿಕೊಂಡು ಸಾಲಾಗಿ ಕೂತವು, ಯಾವುದೋ ಆಟ ಶುರುವಾಗಲಿ ಎಂದು ಕಾದಂತೆ.

ಅಲ್ಲಿಂದ ಒಂದು ವರ್ಷ ಅವನು ಮುಳುಗುತ್ತ ಹೋದ. ಯಾರಿಗೂ ಹೇಳಲಿಲ್ಲ. ಬಡ್ಡಿಯವನು ಅಂಗಡಿ ಮುಂದೆ ಬೈಕು ನಿಲ್ಲಿಸಿ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದ. ಫೋಮ್ ವ್ಯಾಪಾರಿ ಫೋನು ಮಾಡಿ, "ನಿನ್ನ ನಂಬಿದ್ದಕ್ಕೆ ನನ್ನ ಮಗ ನನ್ನ ಬೈತಾನೆ ಕಣಯ್ಯ," ಎನ್ನುತ್ತಿದ್ದ. ಇವೆಲ್ಲವನ್ನೂ ಅವನು ತಡೆದುಕೊಂಡ. ತಡೆಯಲಾಗದೆ ಇದ್ದದ್ದು ಒಂದೇ: ಅಕ್ಕನ ಗಂಟು. ಅವಳು ಯಾವತ್ತೂ ಕೇಳಿದವಳಲ್ಲ. ಕೇಳದೆ ಇದ್ದದ್ದೇ ಅವನ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ಒಂದು ದಿನ ಹೆಂಡತಿಗೂ ಹೇಳದೆ ತನ್ನ ಸಾಮಾನು ಸಾಗಿಸುವ ವ್ಯಾನು ಮಾರಿದ. ಬಂದ ದುಡ್ಡನ್ನು ಹಾಗೇ ತೆಗೆದುಕೊಂಡು ಹೋಗಿ ಅಕ್ಕನ ಕೈಗೆ ಹಾಕಿದ.

"ಏನೋ ಇದು?"

"ನಿನ್ನದೇ ಅಕ್ಕ. ವ್ಯಾಪಾರ ಚೆನ್ನಾಗಿದೆ ಈಗ. ಬಿಸಿಲು ನೋಡು ಎಷ್ಟು, ಈ ಸಲ ಬ್ರೆಡ್ಡಿನ ರೇಟೂ ಜಾಸ್ತಿ ಮಾಡಿದ್ದಾರೆ, ಬಸ್ಸಲ್ಲಿ ಒಬ್ಬ ಮುದುಕ ಸಿಕ್ಕಿದ್ದ..." ಅವನು ಮಾತಾಡುತ್ತಲೇ ಹೋದ. ಅಕ್ಕ ಅವನ ಮುಖವನ್ನೇ ನೋಡುತ್ತ ಕೂತಿದ್ದಳು. ಕೊನೆಗೆ ದುಡ್ಡನ್ನು ಎಣಿಸದೆ ಡಬ್ಬಿಗೆ ಹಾಕಿ, "ಸರಿ, ಊಟ ಮಾಡು," ಎಂದಳು.

ಕೆಲವು ವಾರಗಳಲ್ಲಿ ಅದೇ ಕಟ್ಟಡದ ನೆಲಮಹಡಿಯ ಕೋಣೆ ಖಾಲಿಯಾಯಿತು. ಅಕ್ಕನ ಮಂಡಿಗಳು ಅಷ್ಟು ಹೊತ್ತಿಗೆ ಮಾತು ಕೇಳುತ್ತಿರಲಿಲ್ಲ. ಒಂದೊಂದು ಮಹಡಿಗೂ ನಿಂತು ಗೋಡೆ ಹಿಡಿದು ಉಸಿರು ಬಿಡುತ್ತಿದ್ದಳು. ಅವಳು ಆ ದುಡ್ಡನ್ನೇ ಅಡ್ವಾನ್ಸ್ ಕೊಟ್ಟು ಕೆಳಗೆ ಇಳಿದಳು, ಆಸ್ಪತ್ರೆಯ ಕೆಲಸವನ್ನೂ ಬಿಟ್ಟಳು. ಬೀದಿಗೆ ತೆರೆದುಕೊಳ್ಳುವ ಬಾಗಿಲು. ಮೊಳೆಬಾಯಿ ಟಾಕೀಸಿನ ಕುರ್ಚಿಗಳಲ್ಲಿ ಒಂದನ್ನು ತಂದು ಮರದ ಕಾಲು ಜೋಡಿಸಿ ಬಾಗಿಲಲ್ಲಿ ಇಟ್ಟುಕೊಟ್ಟ. ಅಕ್ಕ ದಿನವಿಡೀ ಅದರಲ್ಲಿ ಕೂತು ಹೋಗಿಬರುವವರನ್ನು ನೋಡುತ್ತಿದ್ದಳು. "ಟಿಕೆಟ್ ಇಲ್ಲ, ಇಂಟರ್‌ವಲ್ ಇಲ್ಲ, ಹೀರೋಗಳೆಲ್ಲ ತರಕಾರಿ ಚೀಲ ಹಿಡ್ಕೊಂಡಿರ್ತಾರೆ," ಎಂದು ನಗುತ್ತಿದ್ದಳು. ಅವಳು ಹಾಗೆ ಕಾಲು ಚಾಚಿ ಕೂತದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಎಲ್ಲ ಹಾಳಾಗಿ ಹೋದರೂ ಇದೊಂದು ಕೆಲಸ ಸರಿಯಾಗಿ ಮಾಡಿದೆ ಎಂದುಕೊಂಡ.

ಕಡೆಗೆ ಹೆಂಡತಿಯೇ ಅವನನ್ನು ಎಳೆದುಕೊಂಡು ವಕೀಲಮ್ಮನ ಹತ್ತಿರ ಹೋದಳು. ದರ್ಜಿ ಅಂಗಡಿಯ ಮೇಲೆ ಒಂದು ಇಕ್ಕಟ್ಟಾದ ಕೋಣೆ. ವಕೀಲಮ್ಮ ಸಣ್ಣ ವಯಸ್ಸಿನವಳು, ಮಾತು ಮಾತ್ರ ನಿಧಾನ. ದಿವಾಳಿ ಅರ್ಜಿ ಹಾಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಿದಳು. ಕೋರ್ಟು ಒಬ್ಬ ರಿಸೀವರನ್ನು ನೇಮಿಸುತ್ತದೆ. ಇರುವುದನ್ನೆಲ್ಲ ಅವರು ವಶಕ್ಕೆ ತೆಗೆದುಕೊಂಡು ಮಾರಿ ಸಾಲ ಕೊಟ್ಟವರಿಗೆ ಪಾಲು ಮಾಡುತ್ತಾರೆ. ಕಸುಬಿನ ಹತಾರ ಮುಟ್ಟುವುದಿಲ್ಲ. ಮಿಷನ್ನು, ಸುತ್ತಿಗೆ ಉಳಿಯುತ್ತವೆ. ಕೆಲವು ವರ್ಷ ದುಡಿಮೆಯಲ್ಲಿ ಒಂದು ಪಾಲು ಕಟ್ಟಬೇಕು. ನಡತೆ ಸರಿಯಿದ್ದರೆ ಆಮೇಲೆ ಬಿಡುಗಡೆ. ಬಡ್ಡಿಯವನು ಅಂಗಡಿ ಮುಂದೆ ಬಂದು ಕೂರುವ ಹಾಗಿಲ್ಲ.

"ನಾಚಿಕೆ ಪಡೋದೇನಿಲ್ಲ. ಬಿದ್ದೋರು ಏಳೋಕೇ ಅಂತ ಇರೋ ಕಾನೂನು ಇದು," ಎಂದಳು. ಆಮೇಲೆ ಕೇಳಿದಳು: "ಕಳೆದ ಒಂದು ವರ್ಷದಲ್ಲಿ ಸಾಲ ಕೊಟ್ಟೋರಲ್ಲಿ ಯಾರಿಗಾದ್ರೂ ದುಡ್ಡು ವಾಪಸ್ ಕೊಟ್ಟಿದ್ದೀರಾ?"

ಮೊಳೆಬಾಯಿಗೆ ಅಂದು ಹೇಳಿಕೊಳ್ಳಲು ಇದ್ದ ಒಂದೇ ಒಳ್ಳೆಯ ಸಂಗತಿ ಅದು. ತಲೆ ಎತ್ತಿ ಹೇಳಿದ: "ನಮ್ಮಕ್ಕಂಗೆ ಪೂರಾ ಕೊಟ್ಟುಬಿಟ್ಟಿದ್ದೀನಿ ಮೇಡಂ. ಅವಳದ್ದು ಒಂದು ಕಾಸೂ ಇಟ್ಟುಕೊಂಡಿಲ್ಲ."

ಹೆಂಡತಿ ತಿರುಗಿ ಅವನನ್ನು ನೋಡಿದಳು. ವಕೀಲಮ್ಮನ ಪೆನ್ನು ನಿಂತಿತು.

"ಅದನ್ನ ಮಾಡಬಾರದಿತ್ತು ನೀವು."

"ಯಾಕೆ ಮೇಡಂ? ಅಕ್ಕಂಗೆ ಕೊಡಬೇಕಾದ್ದು ಕೊಟ್ಟೆ."

"ಕಾನೂನಿನ ಕಣ್ಣಲ್ಲಿ ಸಾಲ ಕೊಟ್ಟೋರೆಲ್ಲ ಒಂದೇ ಕ್ಯೂನಲ್ಲಿ ನಿಂತಿರ್ತಾರೆ. ಬ್ಯಾಂಕು, ಫೋಮಿನವರು, ನಿಮ್ಮ ಅಕ್ಕ, ಎಲ್ಲ. ಮುಳುಗೋ ಹೊತ್ತಲ್ಲಿ ನೀವು ನಿಮ್ಮವರನ್ನ ಕೈ ಹಿಡಿದು ಮುಂದೆ ತಂದು ನಿಲ್ಲಿಸಿದ್ದೀರಿ. ರಿಸೀವರ್ ಆ ದುಡ್ಡನ್ನ ಅಕ್ಕನ ಹತ್ರ ವಾಪಸ್ ಕೇಳ್ತಾರೆ. ಕೇಳಲೇಬೇಕು, ಅದು ಅವರ ಕೆಲಸ."

ಮೊಳೆಬಾಯಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಅಕ್ಕ ಕ್ಯೂನಲ್ಲಿ ನಿಂತಿರಲಿಲ್ಲ ಮೇಡಂ," ಎಂದ, ಅಷ್ಟೇ.

ವಕೀಲಮ್ಮ ಪೆನ್ನು ಕೆಳಗಿಟ್ಟು ಹೇಳಿದಳು: "ಒಂದು ದಾರಿ ಇದೆ. ದುಡ್ಡು ತಗೊಂಡಾಗ ನೀವು ಮುಳುಗ್ತಾ ಇದ್ದೀರಿ ಅಂತ ಅವರಿಗೆ ಗೊತ್ತಿರಲಿಲ್ಲ ಅಂದ್ರೆ, ಬಿಡೋ ಸಾಧ್ಯತೆ ಇದೆ. ವಿಚಾರಣೆಗೆ ಕರೀತಾರೆ. ನಿಜವಾಗ್ಲೂ ಗೊತ್ತಿರಲಿಲ್ಲ ಅಂದ್ರೆ, ಹಾಗಂತ ಹೇಳ್ಲಿ. ನಾನು ಹೇಳಿಕೊಡಲ್ಲ. ನೀವೂ ಹೇಳಿಕೊಡಬೇಡಿ."

ಆದರೆ ಅವನು ನೆಟ್ಟಗೆ ಅಕ್ಕನ ಮನೆಗೇ ಹೋದ. ಅಕ್ಕ ಬಾಗಿಲಲ್ಲಿ ಕೆಂಪು ಕುರ್ಚಿಯಲ್ಲಿ ಕೂತಿದ್ದಳು. ಅವನು ಹೊಸ್ತಿಲ ಮೇಲೆ ಕೂತು, ಟಾಕೀಸಿನಿಂದ ಹಿಡಿದು ವ್ಯಾನಿನವರೆಗೆ ಎಲ್ಲ ಹೇಳಿದ. ಹೇಳುವಾಗ ನೆಲ ನೋಡಿದ.

"ವ್ಯಾಪಾರ ಚೆನ್ನಾಗಿದೆ ಅಂದಿದ್ದೆ," ಎಂದಳು ಅಕ್ಕ.

"ಹೂಂ."

"ಬ್ರೆಡ್ಡಿನ ರೇಟಾದ್ರೂ ಜಾಸ್ತಿಯಾಗಿದ್ದು ನಿಜವೇನೋ?"

ಅವನಿಗೆ ನಗು ಬರಲಿಲ್ಲ. "ಅಕ್ಕ, ಅಲ್ಲಿ ಕೇಳ್ತಾರೆ. ನಿನಗೆ ಗೊತ್ತಿರಲಿಲ್ಲ ಅಂತ ಹೇಳಿದ್ರೆ ಸಾಕು. ನಿಜಾನೇ ಅಲ್ವಾ? ನಾನು ಹೇಳಿರಲಿಲ್ವಲ್ಲ."

ಅಕ್ಕ ಬೀದಿಯ ಕಡೆ ನೋಡುತ್ತಿದ್ದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನು ಅದನ್ನು ಒಪ್ಪಿಗೆ ಎಂದುಕೊಂಡು ಎದ್ದು ಬಂದ.

ವಿಚಾರಣೆ ನಡೆದದ್ದು ಕೋರ್ಟಿನ ದೊಡ್ಡ ಹಾಲಿನಲ್ಲಲ್ಲ, ಹಿಂದಿನ ಓಣಿಯ ಒಂದು ಕೋಣೆಯಲ್ಲಿ. ಉದ್ದ ಮೇಜು, ಕಬ್ಬಿಣದ ಕಪಾಟು, ಕಿಟಕಿಯಲ್ಲಿ ಪಾರಿವಾಳದ ಹಿಕ್ಕೆ. ರಿಸೀವರ್ ಸಾಹೇಬರು ಬೋಳುತಲೆಯ ದಣಿದ ಮನುಷ್ಯ. ಅವರು ಕೂತಿದ್ದ ಕುರ್ಚಿಯ ಹೊಲಿಗೆ ಬಿಚ್ಚಿ ಒಳಗಿನ ಫೋಮ್ ಹಳದಿಯಾಗಿ ಇಣುಕುತ್ತಿತ್ತು. ಮೊಳೆಬಾಯಿಯ ಕೈ ಅದನ್ನು ನೋಡಿ ತುರಿಸಿತು. ಅಕ್ಕ ಆಸ್ಪತ್ರೆಗೆ ಹಾಕಿಕೊಂಡು ಹೋಗುತ್ತಿದ್ದ ಒಳ್ಳೆಯ ಕೋಟನ್ನು ಹಾಕಿಕೊಂಡು ಬಂದಿದ್ದಳು.

ಸಾಹೇಬರು ದುಡ್ಡು ಬಂದ ದಿನದ ಬಗ್ಗೆ ಕೇಳಿದರು. ಅಕ್ಕ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಆಮೇಲೆ ಅವರು ಆ ಪ್ರಶ್ನೆ ಕೇಳಿದರು: "ಆ ದಿನ ನಿಮ್ಮ ತಮ್ಮ ಕಷ್ಟದಲ್ಲಿದ್ದಾರೆ, ಸಾಲ ತೀರಿಸೋ ಸ್ಥಿತಿಯಲ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಮೊಳೆಬಾಯಿ ಅಕ್ಕನ ಕಡೆ ತಿರುಗಿದ.

"ಗೊತ್ತಿತ್ತು ಸ್ವಾಮಿ," ಎಂದಳು ಅಕ್ಕ.

ವಕೀಲಮ್ಮ ತಲೆ ತಗ್ಗಿಸಿದಳು. ಸಾಹೇಬರೇ ಒಂದು ಅವಕಾಶ ಕೊಡುವವರಂತೆ ಕೇಳಿದರು: "ಅವರು ಹೇಳಿದ್ರಾ?"

"ಇಲ್ಲ. ವ್ಯಾಪಾರ ಚೆನ್ನಾಗಿದೆ ಅಂದ."

"ಮತ್ತೆ ಹೇಗೆ ಗೊತ್ತು?"

"ವ್ಯಾನಿನ ಸದ್ದು ಬರಲಿಲ್ಲ. ನಡಕೊಂಡು ಬಂದ. ಅದು ಹೋಗ್ಲಿ, ಬಂದೋನು ಮಾತಾಡಿದ ಸ್ವಾಮಿ. ಇವನು ಮಾತಾಡೋ ಮನುಷ್ಯ ಅಲ್ಲ. ಬಿಸಿಲು, ಬ್ರೆಡ್ಡು, ಬಸ್ಸಲ್ಲಿ ಮುದುಕ... ಒಂದೇ ಸಮ ಮಾತಾಡಿದ. ಚಿಕ್ಕೋನಿದ್ದಾಗ ಜ್ವರ ಬಂದ್ರೆ ಹೀಗೇ ಮಾತಾಡ್ತಿದ್ದ."

"ಗೊತ್ತಿದ್ದೂ ಯಾಕೆ ತಗೊಂಡ್ರಿ?"

"ಬೇಡ ಅಂದಿದ್ರೆ ಅಲ್ಲೇ ಒಡೆದು ಹೋಗ್ತಿದ್ದ. ಇಟ್ಕೊಂಡಿದ್ದು ಆಮೇಲೆ ವಾಪಸ್ ಕೊಡೋಣ ಅಂತಾನೇ ಇಸ್ಕೊಂಡೆ. ಅಷ್ಟರಲ್ಲಿ ಕೆಳಗಿನ ಕೋಣೆ ಖಾಲಿಯಾಯ್ತು." ಅಕ್ಕ ತನ್ನ ಮಂಡಿಗಳ ಮೇಲೆ ಕೈ ಇಟ್ಟುಕೊಂಡಳು. "ಮಂಡಿಗೆ ಆಸೆ ಆಯ್ತು ಸ್ವಾಮಿ."

ಸಾಹೇಬರು ಬರೆದುಕೊಂಡರು. ದುಡ್ಡನ್ನು ಹಿಂದಿರುಗಿಸಬೇಕೆಂದೂ, ಒಮ್ಮೆಲೇ ಆಗದಿದ್ದರೆ ಕಂತಿನಲ್ಲಿ ಕೊಡಬಹುದೆಂದೂ ಹೇಳಿದರು. ಹೇಳುವಾಗ ಅಕ್ಕನ ಮುಖ ನೋಡಲಿಲ್ಲ.

ಅಕ್ಕ ಎದ್ದವಳು ನಿಂತಳು. "ಒಂದು ಕುರ್ಚಿನೂ ಕೊಟ್ಟಿದ್ದಾನೆ. ಟಾಕೀಸಿನದ್ದು. ಅದನ್ನೂ ತಂದು ಒಪ್ಪಿಸಬೇಕಾ?"

"ಅದರಲ್ಲಿ ಕೂತ್ಕೊಳ್ಳಿ ತಾಯಿ," ಎಂದರು ಸಾಹೇಬರು.

ಹೊರಗೆ ಬಸ್ಸಿಗೆ ಕಾಯುವಾಗ ಮೊಳೆಬಾಯಿ ತಡೆಯಲಾರದೆ ಹೋದ. "ಒಂದು ಮಾತು ಅಕ್ಕ! ಒಂದೇ ಒಂದು ಮಾತು ಹೇಳಿದ್ರೆ ಮುಗೀತಿತ್ತು. ನಿನ್ನ ಕೋಣೆ ನಿನಗೆ ಇರ್ತಿತ್ತು."

"ಏನು ಹೇಳಬೇಕಿತ್ತು? ನನ್ನ ತಮ್ಮನ ಮುಖ ನೋಡಿ ನನಗೆ ಏನೂ ಗೊತ್ತಾಗ್ಲಿಲ್ಲ ಅಂತಾನಾ? ಬೇರೆ ಯಾವ ಸುಳ್ಳಾದ್ರೂ ಹೇಳ್ತಿದ್ದೆ ಕಣೋ. ನನಗೇನು ನಾಲಿಗೆ ಇಲ್ವಾ? ಅದೊಂದು ಬಾಯಿಗೆ ಬರ್ಲಿಲ್ಲ." ಬಸ್ಸು ಬರುವ ಕಡೆ ನೋಡುತ್ತ ಹೇಳಿದಳು: "ನೀನು ನನ್ನ ಹತ್ರ ಬಂದು, ಅಕ್ಕ ಮುಳುಗಿ ಹೋದೆ ಅಂದಿದ್ರೆ, ಆ ದುಡ್ಡು ನಾನು ಮರೆತೇ ಬಿಡ್ತಿದ್ದೆ. ನೀನು ಓಡಿ ಬಂದು ಬಡ್ಡಿಯವನಿಗೆ ಕೊಟ್ಟ ಹಾಗೆ ಕೊಟ್ಟೆ. ಮೊಳೆ ಉಗುಳಿ ಮಾತಾಡೋಕೆ ಅಕ್ಕನ ಹತ್ರಾನೂ ಆಗಲಿಲ್ವೇನೋ ನಿನಗೆ?"

ಬಸ್ಸು ಬಂತು. ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಮನೆ ಮಾಲೀಕ ಅಡ್ವಾನ್ಸಿನಲ್ಲಿ ಸುಣ್ಣ ಬಣ್ಣಕ್ಕೆಂದು ಒಂದಿಷ್ಟು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟ. ಕೆಳಗಿನ ಕೋಣೆಗೆ ಸಾಮಾನು ಇಡುವವರು ಯಾರೋ ಬಂದರು. ಅಕ್ಕನ ಹಳೆಯ ಕೋಣೆ ಇನ್ನೂ ಖಾಲಿಯಿತ್ತು. ಅಷ್ಟು ಮೆಟ್ಟಿಲು ಹತ್ತುವವರು ಯಾರಿದ್ದಾರೆ? ಮೊಳೆಬಾಯಿಯೇ ಅವಳ ಸಾಮಾನು ಹೊತ್ತು ಮೇಲೆ ಸಾಗಿಸಿದ. ಕೆಂಪು ಕುರ್ಚಿಯನ್ನು ಕೊನೆಯಲ್ಲಿ ಬೆನ್ನ ಮೇಲೆ ಹೊತ್ತ. ಮೇಲೆ ಅದನ್ನು ಎಲ್ಲಿ ಇಟ್ಟರೂ ಎದುರಿಗೆ ಗೋಡೆ. ಕಡಿಮೆ ಬಿದ್ದ ದುಡ್ಡಿನ ಕಂತು ಕಟ್ಟಲು ಅಕ್ಕ ಆಸ್ಪತ್ರೆಗೆ ಮತ್ತೆ ಹೋದಳು. ಡ್ರಮ್ಮಿನ ಕೆಲಸ ಆಗುವುದಿಲ್ಲವೆಂದು ಹರಿದ ಬಟ್ಟೆ ಹೊಲಿಯುವ ಮೂಲೆಯಲ್ಲಿ ಕೂರಿಸಿದರು.

ವರ್ಷಗಳು ಹೋದವು. ಅಂಗಡಿ ಹೋಯಿತು. ಟಾಕೀಸಿನ ಕುರ್ಚಿಗಳನ್ನು ಯಾವುದೋ ಸಭಾಭವನದವರು ಕಡಿಮೆ ಬೆಲೆಗೆ ಎತ್ತಿಕೊಂಡು ಹೋದರು. ಮೊಳೆಬಾಯಿ ಬಸ್ ಡಿಪೋದಲ್ಲಿ ಹರಿದ ಸೀಟಿಗೆ ತೇಪೆ ಹಾಕುವ ಕೂಲಿಗೆ ಸೇರಿದ. ಸಂಜೆ ಮನೆಯ ಮುಂಗೋಣೆಯಲ್ಲಿ ಹೆಂಡತಿಯ ಜೊತೆ ಊಟದ ಮೇಜಿನ ಕುರ್ಚಿಯಂಥ ಚಿಲ್ಲರೆ ಕೆಲಸ ಮಾಡುತ್ತಿದ್ದ. ಪ್ರತಿ ತಿಂಗಳೂ ರಿಸೀವರಿಗೆ ಪಾಲು ಕಟ್ಟಿ ಉಳಿದದ್ದರಲ್ಲಿ ಬದುಕುವುದನ್ನು ಕಲಿತರು. ಉದ್ದರಿ ಅಂತ ಒಂದು ಸೂಜಿಯನ್ನೂ ತರಲಿಲ್ಲ. ಹೆಂಡತಿ ವ್ಯಾನಿನ ವಿಷಯಕ್ಕೆ ಒಂದು ವರ್ಷ ಅವನನ್ನು ಮಾತಿನಲ್ಲಿ ಚುಚ್ಚಿದಳು, ಆಮೇಲೆ ಸುಮ್ಮನಾದಳು. ಒಂದು ದಿನ ಫೋಮ್ ವ್ಯಾಪಾರಿಯ ಅಂಗಡಿಗೆ ಹೋಗಿ ಬಾಗಿಲಲ್ಲೇ ನಿಂತ. ಮುದುಕ ಕನ್ನಡಕ ಎತ್ತಿ ನೋಡಿ, "ಒಳಗೆ ಬಾ. ದುಡ್ಡು ಕೊಟ್ಟು ಮಾಲು ತಗೊಳ್ಳೋಕೆ ಏನು ದಾಕ್ಷಿಣ್ಯ?" ಎಂದ. ಮೊಳೆಬಾಯಿ ಫೋಮಿನ ಹಾಳೆ ಹೆಗಲ ಮೇಲೆ ಹೊತ್ತು, ಅದರ ಮರೆಯಲ್ಲಿ ಅಳುತ್ತ ಮನೆಗೆ ಬಂದ.

ಅಕ್ಕನ ಮನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದ. ಸಾಮಾನು ಬಾಗಿಲ ಪಕ್ಕ ಇಡುವುದು, ನಲ್ಲಿ ಸೋರುತ್ತಿದ್ದರೆ ಬಿಗಿ ಮಾಡುವುದು, ಮೆಟ್ಟಿಲ ಕಡೆ ಮುಖ ಮಾಡಿ ನಿಂತು, "ಬರ್ತೀನಿ" ಎನ್ನುವುದು. ಕೋಪ ಎಂದೋ ಇಳಿದಿತ್ತು. ಉಳಿದದ್ದು ನಾಚಿಕೆ, ಅದು ಅವಳ ಮುಖ ನೋಡಲು ಬಿಡುತ್ತಿರಲಿಲ್ಲ. ಒಮ್ಮೆ ಹೆಂಡತಿ ಹೋಗಿ ಬಂದವಳು ಹೇಳಿದಳು: "ಅತ್ತಿಗೆ ಸೂಜಿಗೆ ದಾರ ನನ್ನ ಕೈಲಿ ಹಾಕಿಸ್ಕೊಂಡ್ರು. ಒಂದು ಸಲ ಕಣ್ಣಿನ ಡಾಕ್ಟ್ರಿಗೆ ತೋರಿಸ್ಬೇಕಿತ್ತು."

"ವಯಸ್ಸಾಯ್ತಲ್ಲ," ಎಂದ ಅವನು. ಬಾಯಲ್ಲಿ ಮೊಳೆ ಇತ್ತು. ಅಷ್ಟು ಹೇಳಿದ್ದೇ ಹೆಚ್ಚು.

ಬಿಡುಗಡೆಯ ದಿನ ವಕೀಲಮ್ಮ ಫೋನು ಮಾಡಿ ಕರೆದಳು. ಅವಳ ಕೂದಲಲ್ಲೂ ಒಂದೆರಡು ಬಿಳಿ ಬಂದಿದ್ದವು. "ಇವತ್ತಿಂದ ಆ ಹಳೇ ಸಾಲ ಯಾವುದೂ ನಿಮ್ಮ ಮೇಲಿಲ್ಲ," ಎಂದಳು.

"ಅಕ್ಕಂದು?"

"ಅವರದೂ ಇಲ್ಲ. ದುಡ್ಡು ವಾಪಸ್ ಕಟ್ಟಿದ ಮೇಲೆ ಅವರೂ ಕ್ಯೂಗೆ ಬಂದ್ರಲ್ಲ. ಎಲ್ಲರ ಜೊತೆ ಅವರಿಗೂ ಚೂರು ಪಾಲು ಹೋಗಿದೆ. ಉಳಿದದ್ದು ಕಾನೂನಿನ ಪ್ರಕಾರ ಅಳಿಸಿ ಹೋಯ್ತು."

"ನಾನಾಗೇ ಕೊಟ್ರೆ?"

"ಈಗ ಕೊಟ್ರೆ ಯಾರೂ ಬೇಡ ಅನ್ನಲ್ಲ," ಎಂದಳು ವಕೀಲಮ್ಮ. "ಈಗ ಅದು ಸಾಲ ಅಲ್ಲ."

ಆ ವರ್ಷವಿಡೀ ಇಬ್ಬರೂ ದುಡಿದು ಕೂಡಿಹಾಕಿದರು. ಅಕ್ಕನ ಕಟ್ಟಡದಿಂದ ಎರಡು ಬೀದಿ ಆಚೆ ಒಂದು ನೆಲಮಹಡಿಯ ಕೋಣೆ ಸಿಕ್ಕಿತು. ಬಾಗಿಲು ಬೀದಿಗೇ ಇತ್ತು. ಮುಂದೆ ಅವನ ಕೆಲಸಕ್ಕೂ ಒಂದು ಜಗಲಿ. ಅಡ್ವಾನ್ಸ್ ಕೊಟ್ಟು, ಬೀಗದ ಕೈ ಜೇಬಿಗೆ ಹಾಕಿಕೊಂಡು, ಒಂದು ಬೆಳಿಗ್ಗೆ ಅಕ್ಕನ ಮೆಟ್ಟಿಲು ಹತ್ತಿದ. ಈ ಸಲ ಮುಖ ಎತ್ತಿಕೊಂಡೇ ಹತ್ತಿದ.

ಬಾಗಿಲು ತೆರೆದಿತ್ತು. ಅಕ್ಕ ಕೆಂಪು ಕುರ್ಚಿಯಲ್ಲಿ ಗೋಡೆಗೆ ಎದುರಾಗಿ ಕೂತಿದ್ದಳು. ಅವನು ಹೋಗಿ ಎದುರಿಗೆ ಮಂಡಿಯೂರಿ, ಬೀಗದ ಕೈಯನ್ನು ಮುಂದೆ ಹಿಡಿದ. "ನೋಡಕ್ಕ."

ಅವಳು ನಕ್ಕಳು. ಆದರೆ ನಕ್ಕದ್ದು ಅವನ ಹೆಗಲಿನಾಚೆ ಎಲ್ಲೋ ನೋಡುತ್ತ. "ಏನು ತಂದಿದ್ದೀಯ? ಕೈಗೆ ಕೊಡು," ಎಂದು ಅಂಗೈ ಚಾಚಿದಳು. ಅಂಗೈ ಬೀಗದ ಕೈಯಿಂದ ಗೇಣು ದೂರದಲ್ಲಿ ತೆರೆದು ನಿಂತಿತ್ತು.

ಅವನು ಬೀಗದ ಕೈಯನ್ನು ಅತ್ತಿತ್ತ ಆಡಿಸಿದ. ಅವಳ ಕಣ್ಣು ಹಿಂದೆ ಬರಲಿಲ್ಲ.

"ಯಾವಾಗಿಂದ?" ಎಂದ.

"ಪಕ್ಕ ಪಕ್ಕದಿಂದ ಹೋಗ್ತಾ ಬಂತು ಕಣೋ. ಮೊದಲು ಓರೆಯಲ್ಲಿ ಕಾಣೋದು ಹೋಯ್ತು. ಆಮೇಲೆ ಕೊಳವೆಯಲ್ಲಿ ನೋಡಿದ ಹಾಗೆ ಆಯ್ತು. ಈಗ ಬೆಳಕು ಅಂತ ಗೊತ್ತಾಗುತ್ತೆ, ಅಷ್ಟೇ. ಕಣ್ಣಿನೊಳಗಿನ ಒತ್ತಡವಂತೆ. ಬೇಗ ಬಂದಿದ್ರೆ ಔಷಧಿಯಲ್ಲಿ ಹಿಡಿದು ನಿಲ್ಲಿಸ್ತಿದ್ವಿ ಅಂದ್ರು ಡಾಕ್ಟ್ರು. ಆಗ ಕಂತು ಇತ್ತಲ್ಲ. ಅದು ಮುಗೀಲಿ ಅಂದ್ಕೊಂಡೆ."

ಮೊಳೆಬಾಯಿ ಅವಳ ಮಂಡಿಗಳನ್ನು ಹಿಡಿದುಕೊಂಡ. "ನನಗೆ ಗೊತ್ತಿರಲಿಲ್ಲ ಅಕ್ಕ," ಎಂದ. "ನನಗೆ ಗೊತ್ತೇ ಇರಲಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆಯೇ ಅದು ಯಾವ ಮಾತು ಎಂದು ಅವನಿಗೆ ಕೇಳಿಸಿತು. ಅವಳು ತನ್ನ ಕೋಣೆ ಹೋದರೂ ಆಡದ ಮಾತು. ತಿಂಗಳು ತಿಂಗಳೂ ಬಂದು, ಇದೇ ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ ಹೋದದ್ದಕ್ಕೆ ಅವನ ಬಾಯಲ್ಲಿ ಅದು ನಿಜವೇ ಆಗಿತ್ತು.

ಅವನು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟ. ಅಕ್ಕ ಅದನ್ನು ತಿರುಗಿಸಿ, ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಆಮೇಲೆ, "ಕೆಳಗಿನ ಕೋಣೆದಾ?" ಎಂದಳು.

"ಹೂಂ. ಬಾಗಿಲು ಬೀದಿಗೇ ಇದೆ."

"ಸರಿ, ನಡಿ. ಕುರ್ಚಿ ಮರೀಬೇಡ."

ಅವನು ಮುಂದೆ, ಅಕ್ಕ ಹಿಂದೆ, ಅವನ ಹೆಗಲ ಮೇಲೆ ಅವಳ ಎರಡೂ ಕೈ. ಒಂದೊಂದು ಮೆಟ್ಟಿಲಿಗೂ ಅವನು ಹೇಳಬೇಕಾಯಿತು: "ಇಲ್ಲಿ ಮೆಟ್ಟಿಲು... ಇನ್ನೊಂದು... ಇಲ್ಲಿ ಅಂಚು ಒಡೆದಿದೆ, ಎಡಕ್ಕೆ ಬಾ... ಈಗ ಸಪಾಟು, ನಿಂತ್ಕೋ, ಉಸಿರು ತಗೋ." ಕೆಳಗೆ ಬರುವಷ್ಟರಲ್ಲಿ ಅವನ ಗಂಟಲು ಒಣಗಿತ್ತು. "ಅಬ್ಬಾ, ಹುಟ್ಟಿದಾಗಿಂದ ಇಷ್ಟು ಮಾತಾಡಿಲ್ಲ ನೀನು," ಎಂದಳು ಅಕ್ಕ. "ಜ್ವರ ಇಲ್ಲ ತಾನೇ?"

ಈಗ ಮೊಳೆಬಾಯಿ ಅಕ್ಕನ ಮನೆಯ ಜಗಲಿಯಲ್ಲೇ ಕೆಲಸ ಮಾಡುತ್ತಾನೆ. ಬಾಗಿಲಲ್ಲಿ ಕೆಂಪು ಕುರ್ಚಿ. ಅದರ ರೆಕ್ಸಿನ್ ಬದಲಾಯಿಸಲು ಅವಳು ಬಿಟ್ಟಿಲ್ಲ. ಬಂದ ಮೊದಲ ದಿನಗಳಲ್ಲಿ ಅಕ್ಕ, "ಯಾರೋ ಈಗ ಹೋದದ್ದು?" ಎಂದು ಕೇಳುವುದು, ಅವನು ಅಂಗೈಗೆ ಮೊಳೆ ಉಗುಳಿ ಉತ್ತರ ಕೊಡುವುದು, ಮತ್ತೆ ಬಾಯಿಗೆ ಹಾಕಿಕೊಳ್ಳುವುದು. ಇದರಲ್ಲಿ ಕೆಲಸ ಸಾಗುತ್ತಿರಲಿಲ್ಲ. ಒಂದು ದಿನ ಅಕ್ಕನೇ, "ಥೂ, ಎಂಜಲು. ಇಲ್ಲಿ ಕೊಡು," ಎಂದು ಮೊಳೆಯ ಬಟ್ಟಲನ್ನು ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಅಂದಿನಿಂದ ಅವಳು ಬೆರಳಿನಲ್ಲಿ ತಡವಿ, ಮೊನೆ ಯಾವುದು ತಲೆ ಯಾವುದು ಎಂದು ಸರಿ ಮಾಡಿ, ಒಂದೊಂದೇ ಮೊಳೆ ಎತ್ತಿ ಹಿಡಿಯುತ್ತಾಳೆ. ಅವನು ಸುತ್ತಿಗೆಯ ಮೂತಿಯನ್ನು ಅವಳ ಬೆರಳಿನ ಹತ್ತಿರ ತರುತ್ತಾನೆ. ಬಾಯಿ ಖಾಲಿ.

"ಒಬ್ಬಳು ಹೆಂಗಸು. ನೀಲಿ ಕೊಡೆ. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಸುಮ್ಮನೆ ಬಿಚ್ಚಿಕೊಂಡು ಹೋಗ್ತಿದ್ದಾಳೆ."

"ಹೊಸ ಕೊಡೆ ಇರ್ಬೇಕು. ಆಮೇಲೆ?"

"ಪೋಸ್ಟಿನವನು. ಸೈಕಲ್ ತಳ್ಕೊಂಡು ಬರ್ತಿದ್ದಾನೆ, ಪಂಕ್ಚರ್ ಆಗಿದೆ."

"ಸುಳ್ಳು. ಚಕ್ರ ನೆಟ್ಟಗೆ ಉರುಳೋ ಸದ್ದು ಬರ್ತಿದೆ."

"ನಿನ್ನ ನಗಿಸೋಣ ಅಂತ ಹೇಳ್ದೆ."

"ಇದ್ದದ್ದು ಹೇಳು. ನಗು ನಾನು ನೋಡ್ಕೋತೀನಿ."

ಕೆಲವು ಮಧ್ಯಾಹ್ನ ಬೀದಿಯಲ್ಲಿ ಯಾರೂ ಇರುವುದಿಲ್ಲ. ಆಗ ಅವನು ಸುತ್ತಿಗೆ ನಿಲ್ಲಿಸಿ ಅಕ್ಕನ ಮುಖ ನೋಡುತ್ತಾನೆ. ಹಿಂದೆ ನೋಡದೆ ಬಿಟ್ಟದ್ದನ್ನೆಲ್ಲ ಈಗ ನೋಡುತ್ತಾನೆ: ಹುಬ್ಬಿನ ಮೇಲಿನ ಸುಟ್ಟ ಕಲೆ, ಬ್ಲೀಚಿಗೆ ಬೆಳ್ಳಗಾದ ಬೆರಳ ತುದಿ, ಎಲ್ಲೂ ನಿಲ್ಲದ ಕಣ್ಣು. ಸದ್ದು ನಿಂತದ್ದು ಅಕ್ಕನಿಗೆ ಗೊತ್ತಾಗುತ್ತದೆ. ಯಾಕೆ ನಿಂತಿತು ಎಂಬುದೂ ಗೊತ್ತಾಗುತ್ತದೆ. ಅವಳು ಒಂದು ಮೊಳೆಯನ್ನು ಎತ್ತಿ ಗಾಳಿಯಲ್ಲಿ ಹಿಡಿಯುತ್ತಾಳೆ.

"ನನ್ನನ್ನೇನೋ ನೋಡ್ತೀಯ? ಬೀದಿ ನೋಡು," ಎನ್ನುತ್ತಾಳೆ. "ಯಾರಾದ್ರೂ ಬರ್ತಾರೆ."